ಕೆಂಪು ಕೋಟಿನ ಅಜ್ಜಂದಿರು: ಚೆಲ್ಸಿಯ ಸೈನಿಕರ ಮನೆಯ ಕಥೆ

ಕಳೆದ ಕಂತಿನಲ್ಲಿ ನಿವೃತ್ತ ಸೈನಿಕರ ಪಿಂಚಣಿ ಬಗ್ಗೆ ಮಾತಾಡಿದ್ವಿ. ಅದಾದ ಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಲೆಕ್ಕಾಚಾರದ ಪತ್ರಗಳೇ. ಒಂದು ಮಾತ್ರ ಬೇರೆ ಥರ ಇತ್ತು. ಹಾಸನದ ಕಡೆಯ ನಿವೃತ್ತ ಹವಾಲ್ದಾರರೊಬ್ಬರು ಬರೆದದ್ದು. ಪಿಂಚಣಿ ಸರಿಯಾಗಿ ಬರ್ತಿದೆ, ಔಷಧಿಗೂ ತೊಂದರೆ ಇಲ್ಲ, ಮನೆಯವಳು ಹೋದ ಮೇಲೆ ಮಾತಾಡೋದಕ್ಕೆ ಜನ ಇಲ್ಲ, ನಮ್ಮಂಥವರೆಲ್ಲ ಒಟ್ಟಿಗೆ ಇರೋ ಜಾಗ ಅಂತ ಎಲ್ಲಾದರೂ ಇದೆಯಾ ಅಂತ ಅವರ ಪ್ರಶ್ನೆ.

ಇದೆ. ಬಹಳ ಹಳೆಯ ಜಾಗ ಒಂದಿದೆ, ಆದರೆ ನಮ್ಮ ದೇಶದಲ್ಲಲ್ಲ. ಲಂಡನ್ನಿನ ಚೆಲ್ಸಿ ಅನ್ನೋ ಬಡಾವಣೆಯಲ್ಲಿ, ಥೇಮ್ಸ್ ನದಿಯ ದಂಡೆಯಲ್ಲಿದೆ. ಹೆಸರು ರಾಯಲ್ ಹಾಸ್ಪಿಟಲ್. ಹಾಸ್ಪಿಟಲ್ ಅಂದ ಕೂಡಲೇ ಸ್ಟೆತಸ್ಕೋಪು, ಇಂಜೆಕ್ಷನ್ನು ಅಂತ ಅಂದುಕೊಳ್ಳಬೇಡಿ. ಆ ಕಾಲಕ್ಕೆ ಆ ಪದಕ್ಕೆ ಆಶ್ರಯ, ಛತ್ರ ಅನ್ನೋ ಅರ್ಥವೇ ಮುಖ್ಯ. ಬಂದವರನ್ನು ಇರಿಸಿಕೊಳ್ಳೋ ಮನೆ. 1692ರಿಂದ ಇವತ್ತಿನವರೆಗೂ ಅಲ್ಲಿ ವಯಸ್ಸಾದ ಸೈನಿಕರು ವಾಸ ಮಾಡ್ತಾ ಇದ್ದಾರೆ. ಈಗ ಸುಮಾರು 300 ಜನ. ಅವರಿಗೆ ಚೆಲ್ಸಿ ಪೆನ್ಷನರ್ಸ್ ಅಂತ ಹೆಸರು. ಸಮಾರಂಭದ ದಿನ ಮೊಣಕಾಲಿನವರೆಗೆ ಇಳಿಯೋ ಕೆಂಪು ಕೋಟು, ತಲೆ ಮೇಲೆ ಮೂರು ಮೂಲೆಯ ಕಪ್ಪು ಟೋಪಿ. ಟೀವಿಯಲ್ಲಿ ನೋಡಿದ್ದರೆ ಮರೆಯೋದಿಲ್ಲ.

ಇದು ಶುರುವಾದ ಬಗೆಯನ್ನು ಸ್ವಲ್ಪ ನಿಧಾನಕ್ಕೇ ಹೇಳ್ತೀನಿ, ಯಾಕಂದ್ರೆ ಇಡೀ ಕಥೆಯ ಗುಟ್ಟು ಅಲ್ಲಿದೆ.

17ನೇ ಶತಮಾನದ ನಡುವಿನವರೆಗೆ ಇಂಗ್ಲೆಂಡಿನಲ್ಲಿ ಕಾಯಂ ಸೇನೆ ಅಂತ ಇರಲೇ ಇಲ್ಲ. ಯುದ್ಧ ಬಂದಾಗ ಜನರನ್ನು ಸೇರಿಸೋದು, ಮುಗಿದ ಮೇಲೆ ಮನೆಗೆ ಕಳಿಸೋದು. ಕೈಕಾಲು ಕಳಕೊಂಡವನು ಊರಿನ ಚರ್ಚಿನ ಆಡಳಿತದವರ ಮುಂದೆ ಕೈ ಒಡ್ಡಬೇಕು, ಇಲ್ಲವೇ ಬೀದಿಯಲ್ಲಿ ಕೂರಬೇಕು. ಗಾಯಾಳು ಸೈನಿಕರಿಗೆ ಆಯಾ ಊರಿನವರೇ ತೆರಿಗೆ ಎತ್ತಿ ಕೊಡಬೇಕು ಅನ್ನೋ ಕಾನೂನು 1593ರಲ್ಲೇ ಬಂದಿತ್ತು. ಆದರೆ ಊರಿಗೊಂದು ಮನಸ್ಸು. 1660ರಲ್ಲಿ ಎರಡನೇ ಚಾರ್ಲ್ಸ್ ಸಿಂಹಾಸನಕ್ಕೆ ವಾಪಸ್ ಬಂದ. ಅಪ್ಪನ ತಲೆ ಕಡಿಸಿಕೊಂಡ ಮನೆತನದ ಮಗ, ಸೇನೆ ಇಲ್ಲದಿದ್ದರೆ ಏನಾಗ್ತದೆ ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು. ಕಾಯಂ ರೆಜಿಮೆಂಟುಗಳನ್ನು ಕಟ್ಟಿದ. ಕಾಯಂ ಸೇನೆ ಕಟ್ಟಿದ 20 ವರ್ಷಕ್ಕೆ ಏನಾಗಬೇಕೋ ಅದಾಯ್ತು: ಸೈನಿಕರಿಗೆ ವಯಸ್ಸಾಯ್ತು. ದುಡಿಯೋಕಾಗದವರನ್ನು ಕಳಿಸೋದೆಲ್ಲಿಗೆ? ಇಟ್ಟುಕೊಂಡರೆ ಸೇನೆಗೆ ಭಾರ, ಹೊರಗೆ ಹಾಕಿದರೆ ರಾಜನಿಗೆ ಕೆಟ್ಟ ಹೆಸರು.

ಅಷ್ಟರಲ್ಲಿ ಫ್ರಾನ್ಸಿನ 14ನೇ ಲೂಯಿ ಪ್ಯಾರಿಸ್ಸಿನಲ್ಲಿ ಇನ್‌ವ್ಯಾಲೀಡ್ ಅನ್ನೋ ಭಾರಿ ಸೌಧ ಕಟ್ಟಿಸಿ ತನ್ನ ಮುದಿ ಸೈನಿಕರನ್ನು ಅಲ್ಲಿಟ್ಟಿದ್ದ. 1670ರ ಆಜ್ಞೆ ಅದು. ಚಾರ್ಲ್ಸ್‌ಗೆ ಅದರ ವರದಿ ಬಂತು. ಪಕ್ಕದ ಮನೆಯವನು ಮಾಡಿದ್ದನ್ನು ನಾವೂ ಮಾಡಬೇಕು ಅನ್ನೋದು ರಾಜರಲ್ಲೂ ಇರ್ತದೆ. ಮೊದಲು ಡಬ್ಲಿನ್ನಿನ ಕಿಲ್ಮೇನ್‌ಹ್ಯಾಮ್‌ನಲ್ಲಿ ಒಂದು ಮನೆ ಶುರುವಾಯ್ತು. ಆಮೇಲೆ 1681ರ ಡಿಸೆಂಬರಿನಲ್ಲಿ ಚೆಲ್ಸಿಗೆ ಅಪ್ಪಣೆಯಾಯ್ತು. ಮರುವರ್ಷ ಅಡಿಗಲ್ಲು. ವಿನ್ಯಾಸ ಸರ್ ಕ್ರಿಸ್ಟೋಫರ್ ರೆನ್ ಅವರದು, ಸೇಂಟ್ ಪಾಲ್ಸ್ ಕೆಥೆಡ್ರಲ್ ಕಟ್ಟಿದವರೇ.

ರಾಜನ ಪ್ರೇಯಸಿ, ನಟಿ ನೆಲ್ ಗ್ವಿನ್, ಒಬ್ಬ ಭಿಕ್ಷುಕ ಸೈನಿಕನನ್ನು ನೋಡಿ ಕರಗಿ ರಾಜನಿಗೆ ದುಂಬಾಲು ಬಿದ್ದು ಇದನ್ನು ಕಟ್ಟಿಸಿದಳು ಅಂತ ಒಂದು ಕಥೆ ಇದೆ. ಲಂಡನ್ನಿನಲ್ಲಿ ಯಾರನ್ನು ಕೇಳಿದರೂ ಇದನ್ನೇ ಹೇಳ್ತಾರೆ. ಚೆಂದದ ಕಥೆ, ಪುರಾವೆ ಇಲ್ಲ. ನಿಜವಾಗಿ ಓಡಾಡಿದವರು ಸರ್ ಸ್ಟೀಫನ್ ಫಾಕ್ಸ್ ಅನ್ನೋ ಸೇನೆಯ ಖಜಾನೆ ಅಧಿಕಾರಿ. ಸೈನಿಕರ ಸಂಬಳವನ್ನು ಮುಂಗಡವಾಗಿ ಬಟವಾಡೆ ಮಾಡಿ, ಅದಕ್ಕೆ ಕಮಿಷನ್ ಮುರಿದುಕೊಂಡೇ ಶ್ರೀಮಂತರಾದ ಮನುಷ್ಯ. ಸೈನಿಕರಿಂದ ಬಂದದ್ದರಲ್ಲಿ ಸ್ವಲ್ಪ ಸೈನಿಕರಿಗೇ ಹೋಯ್ತು ಅನ್ನಿ.

ಇನ್ನೂ ಒಂದು ವಿಷಯ. ಖರ್ಚಿನ ದೊಡ್ಡ ಪಾಲು ಬಂದದ್ದು ರಾಜನ ಜೇಬಿನಿಂದಲ್ಲ. ಸೇವೆಯಲ್ಲಿದ್ದ ಸೈನಿಕರ ಸಂಬಳದಲ್ಲಿ ಕಡಿತ ಮಾಡ್ತಿದ್ರು. ವರ್ಷಕ್ಕೆ ಒಂದು ದಿನದ ಸಂಬಳ ಪೂರ್ತಿ, ಅದರ ಮೇಲೆ ಪೌಂಡಿಗೆ ಇಷ್ಟು ಅಂತ ಮುರಿಯುತ್ತಿದ್ದ ಹಣದಲ್ಲಿ ಒಂದು ಭಾಗ. ಅಂದ್ರೆ ಆ ಮನೆಯ ಒಂದೊಂದು ಇಟ್ಟಿಗೆಗೂ ಯಾವನೋ ಸಿಪಾಯಿ ದುಡ್ಡು ಕೊಟ್ಟಿದ್ದಾನೆ. ಇದನ್ನು ರಾಜನ ದಾನ ಅಂತ ಹೊಗಳುವಾಗ ನನಗೆ ಸ್ವಲ್ಪ ಮುಜುಗರ ಆಗ್ತದೆ. ಹೆಚ್ಚು ಕಡಿಮೆ ಇದು ಸಿಪಾಯಿಗಳೇ ಹಾಕಿಕೊಂಡ ಚೀಟಿ. ಹಾಕಿದವರಲ್ಲಿ ಬಹುಪಾಲು ಜನಕ್ಕೆ ಅದು ಬರಲಿಲ್ಲ, ಅಷ್ಟೇ.

ಚಾರ್ಲ್ಸ್ 1685ರಲ್ಲಿ ತೀರಿಕೊಂಡ. ತಮ್ಮ ಎರಡನೇ ಜೇಮ್ಸ್ ಬಂದ, ಓಡಿಹೋದ. ವಿಲಿಯಂ ಮತ್ತು ಮೇರಿ ಕಾಲಕ್ಕೆ ಕಟ್ಟಡ ಮುಗೀತು. 1692ರ ಆರಂಭದಲ್ಲಿ ಮೊದಲ ನಿವಾಸಿಗಳು ಒಳಗೆ ಬಂದರು, ಮಾರ್ಚ್ ಮುಗಿಯುವಷ್ಟರಲ್ಲಿ 476 ಜನ. ಅಷ್ಟಕ್ಕೇ ಮನೆ ತುಂಬಿಹೋಯ್ತು. ಹೊರಗೆ ಇನ್ನೂ ಸಾಲು ನಿಂತಿತ್ತು. ಆಗ ಆಡಳಿತದವರು ಒಂದು ದಾರಿ ಹುಡುಕಿದರು. ಒಳಗೆ ಜಾಗ ಸಿಕ್ಕವರು ಒಳ ಪಿಂಚಣಿದಾರರು, ಸಿಗದವರು ಹೊರ ಪಿಂಚಣಿದಾರರು. ಹೊರಗಿನವರು ಊರಲ್ಲೇ ಇದ್ದುಕೊಂಡು ಹಣ ತಗೊಳ್ಳೋದು. ನೋಡಿ, ಸೇನಾ ಪಿಂಚಣಿ ಅಂತ ನಾವು ಇವತ್ತು ಕರೆಯೋ ವ್ಯವಸ್ಥೆ ಬ್ರಿಟನ್ನಿನಲ್ಲಿ ಬೆಳೆದದ್ದು ಹೀಗೆ, ಮನೆಯಲ್ಲಿ ಜಾಗ ಸಾಲದೆ. 1955ರವರೆಗೂ ಸೈನಿಕರ ಪಿಂಚಣಿಯ ಆಡಳಿತ ಈ ಕಟ್ಟಡದಿಂದಲೇ ನಡೀತಿತ್ತು.

ಇಲ್ಲಿ ನಮ್ಮ ಕಡೆಗೊಂದು ಎಳೆ ಬರ್ತದೆ. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಗೆ ನುಗ್ಗಿದವರಲ್ಲಿ ಕಂಪನಿಯ ಸಿಪಾಯಿಗಳೂ ಇದ್ದರು, ಬ್ರಿಟಿಷ್ ರಾಜನ ರೆಜಿಮೆಂಟುಗಳೂ ಇದ್ದವು. ರಾಜನ ರೆಜಿಮೆಂಟಿನ ಸೋಲ್ಜರ್ ಕಾವೇರಿ ದಂಡೆಯಲ್ಲಿ ಗಾಯಗೊಂಡು ಬದುಕಿ ವಾಪಸ್ ಹೋದರೆ ಪಿಂಚಣಿಗೆ ಅರ್ಜಿ ಹಾಕಬೇಕಾಗಿದ್ದದ್ದು ಚೆಲ್ಸಿಗೇ. ಅವನ ಪಕ್ಕದಲ್ಲೇ ನಿಂತು ಗುಂಡು ತಿಂದ ಮದ್ರಾಸಿನ ಸಿಪಾಯಿಗೆ ಆ ಬಾಗಿಲು ಇಲ್ಲ, ಅವನದು ಕಂಪನಿಯ ಸೇನೆ, ಬೇರೆಯೇ ಲೆಕ್ಕ. ಒಂದೇ ಯುದ್ಧ, ಎರಡು ಮುಪ್ಪು.

ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿನ ಆಡಳಿತ ಕೈಗೆ ತಗೊಂಡ ಕರ್ನಲ್ ಆರ್ಥರ್ ವೆಲ್ಲೆಸ್ಲಿ ನಮಗೆಲ್ಲ ಗೊತ್ತು. ದರಿಯಾ ದೌಲತ್‌ನಲ್ಲಿ ಅವನು ಉಳಿದುಕೊಂಡಿದ್ದನ್ನು ಈಗಲೂ ಗೈಡ್‌ಗಳು ಹೇಳ್ತಾರೆ. ಆ ವೆಲ್ಲೆಸ್ಲಿಗೂ ಚೆಲ್ಸಿಯ ಈ ಮನೆಗೂ ಎರಡು ಸಲ ಗಂಟು ಬಿತ್ತು. 1808ರಲ್ಲಿ ಪೋರ್ಚುಗಲ್ಲಿನಲ್ಲಿ ಸೋತ ಫ್ರೆಂಚ್ ಸೇನೆಯನ್ನು ಸುಲಭದ ಷರತ್ತಿನ ಮೇಲೆ ಮನೆಗೆ ಹೋಗೋಕೆ ಬಿಟ್ಟರು ಅಂತ ದೊಡ್ಡ ಗಲಾಟೆಯಾಯ್ತು. ವಿಚಾರಣೆ ನಡೆದದ್ದು ರಾಯಲ್ ಹಾಸ್ಪಿಟಲ್‌ನ ಗ್ರೇಟ್ ಹಾಲ್‌ನಲ್ಲಿ. ವೆಲ್ಲೆಸ್ಲಿ ಅಲ್ಲಿ ಉತ್ತರ ಹೇಳಬೇಕಾಯ್ತು. 44 ವರ್ಷ ಕಳೆದು, 1852ರ ನವೆಂಬರಿನಲ್ಲಿ, ಡ್ಯೂಕ್ ಆಫ್ ವೆಲ್ಲಿಂಗ್ಟನ್ ಆಗಿ ಸತ್ತ ಅವನ ಶರೀರವನ್ನು ಸಾರ್ವಜನಿಕ ದರ್ಶನಕ್ಕೆ ಇಟ್ಟದ್ದೂ ಅದೇ ಹಾಲ್‌ನಲ್ಲಿ. ನೂಕುನುಗ್ಗಲಿನಲ್ಲಿ ಜನ ಸತ್ತರು. ಇವತ್ತು ಆ ಗ್ರೇಟ್ ಹಾಲ್ ಊಟದ ಮನೆ. ಪೆನ್ಷನರ್‌ಗಳು ಉದ್ದ ಮೇಜಿನ ಮುಂದೆ ಕೂತು ಮೂರು ಹೊತ್ತು ತಿಂಡಿ ಊಟ ಮಾಡೋದು ಅಲ್ಲೇ. ನನಗೇನೋ ಆ ಹಾಲ್‌ಗೆ ಇದೇ ಒಳ್ಳೆಯ ಉಪಯೋಗ ಅನಿಸ್ತದೆ.

ಈಗ ಮನೆ ಒಳಗಿನ ಬದುಕಿಗೆ ಬರೋಣ. ಎರಡು ವರ್ಷದ ಹಿಂದೆ ಲಂಡನ್ನಿಗೆ ಹೋಗಿದ್ದಾಗ ನಾನು ಅಲ್ಲಿನ ಟೂರ್‌ಗೆ ಸೇರಿಕೊಂಡಿದ್ದೆ. ತೋರಿಸಿಕೊಂಡು ಹೋಗೋರೂ ಅಲ್ಲಿನ ನಿವಾಸಿಗಳೇ. ನಮ್ಮ ಗುಂಪಿಗೆ ಬಂದ ಅಜ್ಜ ಮೊದಲು ಅರಮನೆ ಥರದ ಮುಂಭಾಗ ತೋರಿಸಲಿಲ್ಲ, ಮೆಟ್ಟಿಲು ತೋರಿಸಿದರು. ಹತ್ತಿ ನೋಡಿ ಅಂದರು. ಹತ್ತಿದ್ವಿ. ಏನೂ ಗೊತ್ತಾಗಲಿಲ್ಲ. ಅದೇ ಗುಟ್ಟು ಅಂದರು. ಒಂದೊಂದು ಮೆಟ್ಟಿಲಿನ ಎತ್ತರವೂ ತೀರಾ ಕಮ್ಮಿ, ಅಗಲ ಜಾಸ್ತಿ. ಮೊಣಕಾಲು ನೋಯೋ ಮುದುಕ ಹತ್ತಬೇಕು ಅಂತ ರೆನ್ 340 ವರ್ಷದ ಹಿಂದೆ ಯೋಚನೆ ಮಾಡಿದ್ದ. ನಮ್ಮಲ್ಲಿ ಈಗ ಕಟ್ಟೋ ಎಷ್ಟು ಕಚೇರಿಗಳಲ್ಲಿ ಪಿಂಚಣಿ ವಿಭಾಗ ಎರಡನೇ ಮಹಡಿಯಲ್ಲಿ, ಲಿಫ್ಟ್ ಕೆಟ್ಟು ಕೂತಿರ್ತದೆ ಅಂತ ನಿಮಗೆ ನಾನು ಹೇಳಬೇಕಿಲ್ಲ.

ಮಲಗೋ ಜಾಗಕ್ಕೆ ಲಾಂಗ್ ವಾರ್ಡ್ ಅಂತಾರೆ. ಉದ್ದನೆಯ ಓಣಿ ಥರದ ಹಜಾರ, ಓಕ್ ಮರದ ಹಲಗೆಯಿಂದ ಮಾಡಿದ ಪುಟ್ಟ ಪುಟ್ಟ ಕೋಣೆಗಳು. ಅದಕ್ಕೆ ಹೆಸರು ಬರ್ತ್. ರೈಲಿನದ್ದೇ ನೆನಪಾಗ್ತದೆ ಅಲ್ವಾ? ಮೊದಲು ಒಂದೊಂದು ಬರ್ತ್ 6 ಅಡಿ ಉದ್ದ, 6 ಅಡಿ ಅಗಲ. 1950ರ ದಶಕದಲ್ಲಿ 9 ಅಡಿ ಮಾಡಿದರು. ಕಿಟಕಿ ಇಲ್ಲ, ಸ್ನಾನಕ್ಕೆ ಓಣಿಯ ಆ ಕೊನೆಗೆ ನಡೀಬೇಕು. 80 ದಾಟಿದವರಿಗೆ ರಾತ್ರಿ ಹೊತ್ತು ಅದೆಷ್ಟು ಕಷ್ಟ ಯೋಚಿಸಿ. 21ನೇ ಶತಮಾನದಲ್ಲಿ ಇದನ್ನೆಲ್ಲ ಮತ್ತೆ ಬದಲಿಸಿದರು. 2015ರ ಹೊತ್ತಿಗೆ ಪ್ರತಿಯೊಬ್ಬರಿಗೂ ಕಿಟಕಿ ಇರೋ ಕೋಣೆ, ಒಳಗೇ ಬಚ್ಚಲು, ಬರೆಯೋಕೆ ಓದೋಕೆ ಸ್ವಲ್ಪ ಜಾಗ ಆಯ್ತು. ಆದರೆ ಓಣಿಯನ್ನು ಹಾಗೇ ಉಳಿಸಿಕೊಂಡಿದ್ದಾರೆ, ಕೋಣೆ ಬಾಗಿಲುಗಳು ಓಣಿಗೇ ತೆರೀತವೆ. ಯಾಕೆ ಅಂದ್ರೆ, ಬೆಳಿಗ್ಗೆ ಯಾರದಾದರೂ ಬಾಗಿಲು ತೆರೀಲಿಲ್ಲ ಅಂದರೆ ಪಕ್ಕದವನಿಗೆ ಗೊತ್ತಾಗಬೇಕು. ನಮ್ಮ ವಠಾರದಲ್ಲಿ ಇದ್ದದ್ದೂ ಇದೇ ವ್ಯವಸ್ಥೆ ತಾನೆ. ನಂಗೆ ಇಡೀ ಜಾಗದಲ್ಲಿ ಬಹಳ ಹಿಡಿಸಿದ್ದು ಇದು.

ಆಡಳಿತ ಇವತ್ತಿಗೂ ಸೇನೆಯ ಧಾಟಿಯಲ್ಲೇ. ಮುಖ್ಯಸ್ಥರಿಗೆ ಗವರ್ನರ್ ಅಂತ ಹೆಸರು. ನಿವಾಸಿಗಳನ್ನು ಕಂಪನಿಗಳಾಗಿ ವಿಂಗಡಿಸಿ, ಒಂದೊಂದಕ್ಕೂ ಒಬ್ಬ ನಿವೃತ್ತ ಅಧಿಕಾರಿ, ಅವರಿಗೆ ಕ್ಯಾಪ್ಟನ್ ಆಫ್ ಇನ್‌ವ್ಯಾಲಿಡ್ಸ್ ಅನ್ನೋ ಹಳೇ ಬಿರುದು. ಕಾಗದ ಪತ್ರ, ಮಗಳ ಜೊತೆ ಜಗಳ, ಕಿವಿಯ ಮಷಿನ್ನು, ಎಲ್ಲದಕ್ಕೂ ಅವರ ಹತ್ತಿರವೇ ಹೋಗೋದು. ದಿನಬಳಕೆಗೆ ನೀಲಿ ಸಮವಸ್ತ್ರ, ಊರಿಗೆ ಸಮಾರಂಭಕ್ಕೆ ಹೋದರೆ ಕೆಂಪು. ಆವರಣದೊಳಗೇ ವೈದ್ಯರು, ಫಿಸಿಯೋಥೆರಪಿ, ಗ್ರಂಥಾಲಯ, ಚಾಪೆಲ್, ತರಕಾರಿ ಬೆಳೆಯೋಕೆ ಮಡಿಗಳು, ಬೌಲಿಂಗ್ ಆಡೋಕೆ ಹುಲ್ಲುಹಾಸು, ಸಂಜೆಗೆ ಕ್ಲಬ್ಬು. ಕ್ಲಬ್ಬಿನ ಬಗ್ಗೆ ನಮ್ಮ ಅಜ್ಜ ಸ್ವಲ್ಪ ಜಾಸ್ತಿ ಹೊತ್ತು ಮಾತಾಡಿದರು, ಅರ್ಥ ಮಾಡಿಕೊಳ್ಳಿ.

ಹಾಸಿಗೆ ಹಿಡಿದವರಿಗೆ, ಮರೆವಿನ ಕಾಯಿಲೆ ಬಂದವರಿಗೆ ಅಲ್ಲೇ ಇನ್‌ಫರ್ಮರಿ ಇದೆ. 2009ರಲ್ಲಿ ಹೊಸದಾಗಿ ಕಟ್ಟಿದ್ದು, ಮಾರ್ಗರೆಟ್ ಥ್ಯಾಚರ್ ಹೆಸರಿಟ್ಟಿದ್ದಾರೆ. ಅವರ ಚಿತಾಭಸ್ಮ ಕೂಡ ಅದರ ಪಕ್ಕದಲ್ಲೇ ಇದೆ. ಇದರಿಂದ ಏನಾಗ್ತದೆ ಅಂದ್ರೆ, ಓಡಾಡ್ತಾ ಬಂದವರು ಕೊನೆಯವರೆಗೆ ಅಲ್ಲೇ ಇರಬಹುದು. ಕೈಲಾಗದ ದಿನ ಬಂದಾಗ ಬೇರೆ ಕಡೆ ಸಾಗಿಸೋದಿಲ್ಲ. ವೃದ್ಧಾಶ್ರಮ ನೋಡಿದವರಿಗೆ ಇದರ ಬೆಲೆ ಗೊತ್ತು. ಎಷ್ಟೋ ಕಡೆ ನಡೆದಾಡುವವರೆಗೆ ಮಾತ್ರ ಇಟ್ಟುಕೊಳ್ಳೋದು.

ಇದಕ್ಕೂ ಮುಂಚಿನ ಇನ್‌ಫರ್ಮರಿಯನ್ನು ವಾಸ್ತುಶಿಲ್ಪಿ ಸರ್ ಜಾನ್ ಸೋನ್ 19ನೇ ಶತಮಾನದ ಮೊದಲಲ್ಲಿ ಕಟ್ಟಿದ್ದರು. 1941ರ ಏಪ್ರಿಲಿನಲ್ಲಿ ಜರ್ಮನ್ ವಿಮಾನದಿಂದ ಬಿದ್ದ ಲ್ಯಾಂಡ್‌ಮೈನ್ ಅದನ್ನು ಧ್ವಂಸ ಮಾಡ್ತು. ಶುಶ್ರೂಷಕಿಯರೂ ಮುದಿ ಸೈನಿಕರೂ ಜೊತೆಗೇ ಸತ್ತರು. ಈಶಾನ್ಯ ದಿಕ್ಕಿನ ಕಟ್ಟಡದ ಕಥೆ ಇನ್ನೂ ವಿಚಿತ್ರ. 1918ರ ಫೆಬ್ರವರಿಯಲ್ಲಿ ಬಾಂಬ್ ಬಿತ್ತು, 5 ಜನ ಹೋದರು. ಮತ್ತೆ ಕಟ್ಟಿದರು. 1945ರ ಜನವರಿಯಲ್ಲಿ ಅದೇ ಜಾಗಕ್ಕೆ ವಿ-2 ರಾಕೆಟ್ ಬಂತು. 1960ರ ದಶಕದಲ್ಲಿ ಮತ್ತೊಮ್ಮೆ ಕಟ್ಟಿದರು. ಯುದ್ಧ ಮುಗಿಸಿ ಮನೆ ಸೇರಿದವರನ್ನು ಯುದ್ಧ ಹುಡುಕಿಕೊಂಡು ಬಂದ ಹಾಗೆ.

ಹೆಣ್ಣುಮಕ್ಕಳ ವಿಷಯ ಹೇಳದೆ ಮುಂದೆ ಹೋಗೋ ಹಾಗಿಲ್ಲ. 18ನೇ ಶತಮಾನದಲ್ಲಿ ಹ್ಯಾನಾ ಸ್ನೆಲ್ ಅಂತ ಒಬ್ಬಾಕೆ ಗಂಡಸಿನ ವೇಷ ಹಾಕಿ, ಜೇಮ್ಸ್ ಗ್ರೇ ಅಂತ ಹೆಸರು ಹೇಳಿ ಸೇನೆಗೆ ಸೇರಿದ್ದಳು. ಹಡಗು ಹತ್ತಿ ಬಂದದ್ದು ಎಲ್ಲಿಗೆ ಗೊತ್ತಾ? ನಮ್ಮ ಪಾಂಡಿಚೇರಿ ಕಡೆಗೆ. 1748ರ ಮುತ್ತಿಗೆಯಲ್ಲಿ ಗಾಯಗೊಂಡು, ಗುಟ್ಟು ಬಯಲಾಗಬಾರದು ಅಂತ ತೊಡೆಯ ಹತ್ತಿರದ ಗುಂಡನ್ನು ತಾನೇ ತೆಗೆದುಕೊಂಡೆ ಅಂತ ಆಕೆಯೇ ಹೇಳಿಕೊಂಡಿದ್ದಾಳೆ. 1750ರಲ್ಲಿ ಊರಿಗೆ ಹೋಗಿ ಎಲ್ಲ ಬಹಿರಂಗ ಮಾಡಿ ಪಿಂಚಣಿ ಕೇಳಿದಳು. ಚೆಲ್ಸಿಯವರು ಕೊಟ್ಟರು! 1792ರಲ್ಲಿ ಸತ್ತಾಗ ಅಲ್ಲಿನ ಸ್ಮಶಾನದಲ್ಲೇ ಮಣ್ಣು ಮಾಡಿದರು. ಹಣ ಕೊಟ್ಟರು, ಗೋರಿಗೆ ಜಾಗ ಕೊಟ್ಟರು. ಮಂಚಕ್ಕೆ ಜಾಗ ಕೊಡೋದಕ್ಕೆ ಮಾತ್ರ 2009 ಬರಬೇಕಾಯ್ತು. ಆ ವರ್ಷ ಡೊರೊಥಿ ಹ್ಯೂಸ್ ಮತ್ತು ವಿನಿಫ್ರೆಡ್ ಫಿಲಿಪ್ಸ್ ಮೊದಲ ಮಹಿಳಾ ನಿವಾಸಿಗಳಾದರು. ಇಬ್ಬರೂ 80 ದಾಟಿದವರು. ಅಡ್ಡಿಯಾಗಿದ್ದದ್ದು ಬಚ್ಚಲುಮನೆ ಅಂತ ಕಾರಣ ಹೇಳ್ತಾರೆ, ಸಾಮೂಹಿಕ ಬಚ್ಚಲಿನ ಓಣಿಯಲ್ಲಿ ಹೆಂಗಸರನ್ನು ಇಡೋದು ಹೇಗೆ ಅಂತ. 317 ವರ್ಷ ಬಚ್ಚಲು ಕಟ್ಟೋಕೆ ಆಗಲಿಲ್ಲ ಅನ್ನೋದನ್ನು ನಂಬೋರು ನಂಬಲಿ.

ಅದೇ ಸ್ಮಶಾನದಲ್ಲಿ ವಿಲಿಯಂ ಹೈಸ್‌ಲ್ಯಾಂಡ್ ಅನ್ನೋನ ಗೋರಿಯೂ ಇದೆ. ಕಲ್ಲಿನ ಮೇಲೆ ಬರೆದ ಪ್ರಕಾರ ಸತ್ತಾಗ ಅವನಿಗೆ 112 ವರ್ಷ, ನೂರು ದಾಟಿದ ಮೇಲೂ ಮದುವೆಯಾಗಿದ್ದ. ವಯಸ್ಸಿನ ಲೆಕ್ಕ ಅಷ್ಟು ಸರಿ ಇರಲಾರದು, ಆದರೆ ಉತ್ಸಾಹವನ್ನು ಮೆಚ್ಚಬೇಕು.

ಇಷ್ಟೆಲ್ಲ ಕೇಳಿದ ಮೇಲೆ, ಸೇರೋದು ಹೇಗೆ? ಬ್ರಿಟಿಷ್ ಸೇನೆಯಲ್ಲಿ ಸಿಪಾಯಿ ಅಥವಾ ನಾನ್ ಕಮಿಷನ್ಡ್ ದರ್ಜೆಯಲ್ಲಿ ಇದ್ದವರಾಗಿರಬೇಕು. ಅಧಿಕಾರಿಗಳಿಗೆ ಸುಮ್ಮನೆ ಪ್ರವೇಶ ಇಲ್ಲ, ಕೆಳಗಿನ ದರ್ಜೆಯಲ್ಲಿ 12 ವರ್ಷವಾದರೂ ದುಡಿದು ಮೇಲೆ ಬಂದವರಾಗಿರಬೇಕು. ಇದು ನನಗೆ ಇಷ್ಟವಾದ ನಿಯಮ. ವಯಸ್ಸು 65 ಆಗಿರಬೇಕು. ಸೇರುವಾಗ ತಮ್ಮ ಕೆಲಸ ತಾವು ಮಾಡಿಕೊಳ್ಳುವಷ್ಟು ಗಟ್ಟಿ ಇರಬೇಕು. ಮೊದಲು ನಾಲ್ಕು ದಿನ ಬಂದು ಇದ್ದು ನೋಡಬೇಕು, ಅವರಿಗೂ ನೀವು ಹಿಡಿಸಬೇಕು, ನಿಮಗೂ ಅವರು ಹಿಡಿಸಬೇಕು. ಹೆಣ್ಣು ನೋಡೋ ಶಾಸ್ತ್ರವೇ.

ಇನ್ನೆರಡು ಷರತ್ತುಗಳಿವೆ, ಅಲ್ಲೇ ನಾನು ತಡೆದು ನಿಂತೆ. ಮೊದಲನೆಯದು, ಸೇನಾ ಪಿಂಚಣಿಯನ್ನು ಬಿಟ್ಟುಕೊಡಬೇಕು. ಅದರ ಬದಲು ವಸತಿ, ಊಟ, ಬಟ್ಟೆ, ಆರೈಕೆ. ಸೇನಾ ಪಿಂಚಣಿ ಇಲ್ಲದವರು ವಾರಕ್ಕಿಷ್ಟು ಅಂತ ವಂತಿಗೆ ಕೊಡ್ತಾರೆ. ಎರಡನೆಯದು, ಹೆಂಡತಿಯನ್ನೋ ಗಂಡನನ್ನೋ ಸಾಕಬೇಕಾದ ಹೊಣೆ ಇರಬಾರದು. ಅಂದರೆ ವಿಧುರರು, ವಿಧವೆಯರು, ಒಂಟಿಯಾದವರಿಗೇ ಈ ಮನೆ.

ನನ್ನ ಸೋದರಮಾವ ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್‌ನಲ್ಲಿ 22 ವರ್ಷ ಇದ್ದವರು. ವಾಪಸ್ ಬಂದು ಇದನ್ನೆಲ್ಲ ಅವರಿಗೆ ವಿವರಿಸಿದೆ. ಕೆಂಪು ಕೋಟು, ಊಟದ ಹಾಲು, ಎಲ್ಲ ಕೇಳಿಸಿಕೊಂಡರು. ಪಿಂಚಣಿ ವಿಷಯ ಬಂದಾಗ ತಲೆ ಅಲ್ಲಾಡಿಸಿದರು. "ಅಲ್ಲ ಕಣಮ್ಮ, ಮೊಮ್ಮಗು ಬಂದಾಗ ಕೈಗೆ ನೂರು ರೂಪಾಯಿ ಇಡೋದು ಯಾವ ದುಡ್ಡಲ್ಲಿ?" ಅಂದರು. ನಮ್ಮ ಮನೆಗಳಲ್ಲಿ ಪಿಂಚಣಿ ಬರೀ ಹಣ ಅಲ್ಲ, ಮನೆಯೊಳಗಿನ ಮಾತಿಗೊಂದು ತೂಕ. ಬ್ಯಾಂಕಿನ ಪಾಸ್‌ಬುಕ್ ಇರೋ ಅಜ್ಜನ ಮಾತಿಗೆ ಬೇರೆಯೇ ಬೆಲೆ. ಆದ್ದರಿಂದ ಚೆಲ್ಸಿಯ ಕರಾರನ್ನು ಇಲ್ಲಿಗೆ ಎತ್ತಿಕೊಂಡು ಬಂದರೆ ನಡೆಯೋದಿಲ್ಲ ಅಂತಲೇ ನನ್ನ ಅಭಿಪ್ರಾಯ. ಹೆಂಡತಿ ಇರುವವರೆಗೆ ಬರಬೇಡ ಅನ್ನೋದಂತೂ ನಮ್ಮವರ ಕಿವಿಗೆ ಅಪಶಕುನದ ಥರ ಕೇಳಿಸ್ತದೆ.

ಹಾಗಂತ ನಮ್ಮಲ್ಲಿ ಏನೂ ಇಲ್ಲ ಅಂತಲ್ಲ. ಪುಣೆಯ ಖಡ್ಕಿಯಲ್ಲಿ 1974ರಿಂದ ಪ್ಯಾರಾಪ್ಲೆಜಿಕ್ ರಿಹ್ಯಾಬಿಲಿಟೇಷನ್ ಸೆಂಟರ್ ಇದೆ. ಬೆನ್ನುಹುರಿಗೆ ಪೆಟ್ಟು ಬಿದ್ದು ನಡೆಯಲಾಗದ ಸೈನಿಕರು ಅಲ್ಲಿ ವಾಸವಿದ್ದಾರೆ, ವೀಲ್‌ಚೇರಿನಲ್ಲೇ ಬಾಸ್ಕೆಟ್‌ಬಾಲ್ ಆಡ್ತಾರೆ, ಕೈ ಬಿದ್ದವರು ಬಾಯಲ್ಲಿ ಬ್ರಷ್ ಹಿಡಿದು ಚಿತ್ರ ಬರೀತಾರೆ. ಅದೇ ಖಡ್ಕಿಯಲ್ಲಿ ಅಂಗವಿಕಲ ಸೈನಿಕರಿಗೆ ಕೆಲಸ ಕಲಿಸೋ ಕ್ವೀನ್ ಮೇರೀಸ್ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್ 1917ರಷ್ಟು ಹಳೆಯದು. ಕರ್ನಾಟಕದಲ್ಲಿ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ ಇದೆ, ಔಷಧೋಪಚಾರಕ್ಕೆ 2003ರಿಂದ ಇಸಿಎಚ್‌ಎಸ್ ಇದೆ. ಇವೆಲ್ಲ ಗಾಯಕ್ಕೆ, ಕಾಯಿಲೆಗೆ, ಕಾಗದಪತ್ರಕ್ಕೆ. ಗಾಯವಿಲ್ಲದ, ಕಾಯಿಲೆಯೂ ಇಲ್ಲದ, ಸುಮ್ಮನೆ ಒಂಟಿಯಾದ ಹವಾಲ್ದಾರರಿಗೆ ಯಾವ ಅರ್ಜಿ ನಮೂನೆಯೂ ಸರಿಹೊಂದೋದಿಲ್ಲ.

ಚೆಲ್ಸಿಯಿಂದ ಎತ್ತಿಕೊಳ್ಳಬಹುದಾದದ್ದು ಏನಾದರೂ ಇದ್ದರೆ ಅದು ಓಣಿ ಮತ್ತು ಊಟದ ಮೇಜು ಅಂತ ನನಗನಿಸ್ತದೆ. ಅರಮನೆ ಬೇಡ. ಮಾಜಿ ಸೈನಿಕರು ಹೆಚ್ಚಿರೋ ಕೊಡಗು, ಹಾಸನ, ಬೆಳಗಾವಿಯಂಥ ಕಡೆ ತಾಲ್ಲೂಕಿಗೊಂದು ಕಟ್ಟಡ, ಹತ್ತು ಹದಿನೈದು ಕೋಣೆ, ಒಂದೇ ಅಡುಗೆಮನೆ. ಪಿಂಚಣಿ ಅವರ ಕೈಯಲ್ಲೇ ಇರಲಿ, ಊಟದ ಖರ್ಚು ಮಾತ್ರ ಕೊಡಲಿ. ವಾರಕ್ಕೆ ನಾಲ್ಕು ದಿನ ಅಲ್ಲಿ, ಮೂರು ದಿನ ಮಗನ ಮನೆಯಲ್ಲಿ ಅಂದರೂ ಆಗಲಿ. ನಮ್ಮ ಜನ ಪೂರ್ತಿ ಮನೆ ಬಿಟ್ಟು ಬರೋರಲ್ಲ.

ಮಾವನಿಗೆ ಇದನ್ನೂ ಹೇಳಿದೆ. ಮೆಟ್ಟಿಲು ಎಷ್ಟು ಎತ್ತರ ಇರ್ತದೆ ಅಂತ ಕೇಳಿದರು.

ಮುಂದಿನ ವಾರ ಖಡ್ಕಿಯ ಬಗ್ಗೆ ಇನ್ನಷ್ಟು ವಿವರವಾಗಿ ಮಾತಾಡೋಣ. ನಿಮ್ಮ ಊರಲ್ಲಿ ಮಾಜಿ ಸೈನಿಕರೇ ಸೇರಿ ನಡೆಸೋ ಇಂಥ ಜಾಗ ಇದ್ದರೆ ಬರೆದು ತಿಳಿಸಿ, ಬಂದು ನೋಡ್ತೀವಿ.